ಸ್ಪ್ಯಾಮ್ ವಿರುದ್ಧ ಉದ್ಯಮ ಕಟ್ಟಿದ ಕಾವಲು: ಬಳಸಿ ಬರೆದ ವಿಮರ್ಶೆ

ಇಮೇಲ್ ಸರ್ವರ್ ನಡೆಸುವ ಯಾರಿಗೇ ಆದರೂ ಇಂದು ಬಹುಪಾಲು ಉಚಿತವಾಗಿ ದೊರೆಯುವ ಒಂದು ರಕ್ಷಣಾ ವ್ಯವಸ್ಥೆ ಇದೆ. ಅದನ್ನು ಯಾವುದೋ ಒಂದು ಕಂಪನಿ ಮಾರುತ್ತಿಲ್ಲ. ಪರಸ್ಪರ ಪೈಪೋಟಿಯಲ್ಲಿರುವ ಮೇಲ್ ಸೇವಾ ಕಂಪನಿಗಳು, ದೂರಸಂಪರ್ಕ ಸಂಸ್ಥೆಗಳು, ದೊಡ್ಡ ಪ್ರಮಾಣದಲ್ಲಿ ಮೇಲ್ ಕಳುಹಿಸುವವರು ಮತ್ತು ಭದ್ರತಾ ಸಂಶೋಧಕರು ಎರಡು ದಶಕಗಳಿಗೂ ಹೆಚ್ಚು ಕಾಲ ಕೂಡಿ ಕುಳಿತು ಅದನ್ನು ತುಂಡು ತುಂಡಾಗಿ ಕಟ್ಟಿದ್ದಾರೆ. ಎಂ3ಎಎಡಬ್ಲ್ಯೂಜಿ ಎಂಬ ಉದ್ಯಮ ಒಕ್ಕೂಟದ ಮಾರ್ಗಸೂಚಿಗಳು, ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಎಂಬ ಮೂರು ದೃಢೀಕರಣ ವಿಧಾನಗಳು, ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳ ತಡೆಪಟ್ಟಿಗಳು ಮತ್ತು ಓದುಗರ ದೂರುಗಳನ್ನು ಮೇಲ್ ಕಳುಹಿಸಿದವರಿಗೇ ಮರಳಿಸುವ ಏರ್ಪಾಡು ಇದರ ಮುಖ್ಯ ಅಂಗಗಳು. ಒಂದು ಸಣ್ಣ ಸಂಸ್ಥೆಯ ಮೇಲ್ ವ್ಯವಸ್ಥೆಯ ಹೊಣೆ ಹೊತ್ತು ಇವೆಲ್ಲವನ್ನೂ ಬಳಸುತ್ತಿರುವ ಕಾರಣ, ಕೊಳ್ಳುವ ಸರಕನ್ನು ಹೇಗೆ ಪರೀಕ್ಷಿಸುತ್ತೇವೆಯೋ ಹಾಗೆಯೇ ಇದನ್ನೂ ಪರೀಕ್ಷಿಸಿ ಬರೆಯುವುದು ಸೂಕ್ತವೆಂದು ನನಗೆ ತೋರಿತು.

ನನ್ನ ತೀರ್ಪನ್ನು ಮೊದಲೇ ಹೇಳುತ್ತೇನೆ. ಇಮೇಲ್‌ಗೆ ಸಂಬಂಧಿಸಿದಂತೆ ಈ ವ್ಯವಸ್ಥೆ ನಂಬತಕ್ಕದ್ದು, ಮತ್ತು ಅದರ ಬಲವೆಲ್ಲ ಇರುವುದು ಒಂದೇ ತತ್ತ್ವದಲ್ಲಿ: ಸಂದೇಶ ಕಳುಹಿಸುವವರು ತಾವು ಯಾರೆಂಬುದನ್ನು ತೋರಿಸಿಕೊಡಬೇಕು, ಅದರ ಫಲಕ್ಕೂ ತಾವೇ ಹೊಣೆಯಾಗಬೇಕು. ಈ ತತ್ತ್ವ ಜಾರಿಯಾದ ಕಡೆಗಳಲ್ಲೆಲ್ಲ ವಂಚನೆ ಕಷ್ಟವಾಗಿದೆ. ಅದು ಇನ್ನೂ ತಲುಪದ ಕಡೆಗಳಲ್ಲಿ, ಮುಖ್ಯವಾಗಿ ಮೊಬೈಲ್ ಸಂದೇಶಗಳಲ್ಲಿ, ಬಳಕೆದಾರರು ಬಹುಮಟ್ಟಿಗೆ ತಮ್ಮ ಎಚ್ಚರಿಕೆಯನ್ನೇ ನಂಬಿಕೊಳ್ಳಬೇಕಾಗಿದೆ.

ಇಂತಹದೊಂದು ಕಟ್ಟುನಿಟ್ಟು ಏಕೆ ಬೇಕಾಯಿತು ಎಂಬುದಕ್ಕೆ ಇಮೇಲ್‌ನ ಹುಟ್ಟಿನಲ್ಲಿಯೇ ಕಾರಣವಿದೆ. ಮೇಲ್ ಸಾಗಿಸುವ ಮೂಲ ನಿಯಮಾವಳಿ ಕಳುಹಿಸುವವರು ಹೇಳಿಕೊಂಡ ಹೆಸರನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತದೆ; ಪರಸ್ಪರ ಪರಿಚಯವಿದ್ದ ಕೆಲವೇ ಸಂಶೋಧನಾ ಸಂಸ್ಥೆಗಳ ಜಾಲಕ್ಕೆ ಅಷ್ಟು ಸಾಕಾಗಿತ್ತು. ಆ ಜಾಲದಲ್ಲಿಯೇ, 1978ರ ಮೇ ತಿಂಗಳಲ್ಲಿ, ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಅವರು ಸುಮಾರು ನಾನೂರು ಮಂದಿಗೆ ಒಮ್ಮೆಲೇ ಕಂಪ್ಯೂಟರ್ ಜಾಹೀರಾತು ಕಳುಹಿಸಿದರು. ಅನಪೇಕ್ಷಿತ ಸಾಮೂಹಿಕ ಸಂದೇಶದ ಮೊದಲ ದಾಖಲೆಯೆಂದು ಇದನ್ನೇ ಎಲ್ಲರೂ ಎಣಿಸುತ್ತಾರೆ. 2004ರ ಜನವರಿಯಲ್ಲಿ ಬಿಲ್ ಗೇಟ್ಸ್ ಅವರು ಎರಡು ವರ್ಷಗಳಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುವುದೆಂದು ದಾವೋಸ್‌ನಲ್ಲಿ ಭರವಸೆ ನೀಡಿದ್ದರು. ಆ ಭರವಸೆ ಈಡೇರಲಿಲ್ಲ. ಆದರೆ ಅದೇ ವರ್ಷ ಹುಟ್ಟಿದ ಒಕ್ಕೂಟವೊಂದು, ಅಷ್ಟೇನೂ ಸದ್ದು ಮಾಡದೆ, ಹೆಚ್ಚು ಉಪಯುಕ್ತವಾದ ಕೆಲಸಕ್ಕೆ ತೊಡಗಿತು.

ಮೆಸೇಜಿಂಗ್ ಆ್ಯಂಟಿ-ಅಬ್ಯೂಸ್ ವರ್ಕಿಂಗ್ ಗ್ರೂಪ್ ಎಂಬ ಹೆಸರಿನಲ್ಲಿ ಆರಂಭವಾದ ಈ ಒಕ್ಕೂಟ ಮುಂದೆ ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ) ಮತ್ತು ಮೊಬೈಲ್ ವಿಷಯಗಳನ್ನೂ ಸೇರಿಸಿಕೊಂಡು ಎಂ3ಎಎಡಬ್ಲ್ಯೂಜಿ ಎಂಬ ಈಗಿನ ಹೆಸರನ್ನು ಪಡೆಯಿತು. ವರ್ಷಕ್ಕೆ ಮೂರು ಬಾರಿ, ಎರಡು ಸಲ ಉತ್ತರ ಅಮೆರಿಕದಲ್ಲಿ ಮತ್ತು ಒಂದು ಸಲ ಯೂರೋಪಿನಲ್ಲಿ, ಇದರ ಸದಸ್ಯರು ಸಭೆ ಸೇರುತ್ತಾರೆ. ಸಭೆಗಳಿಗೆ ಸದಸ್ಯರಲ್ಲದವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ, ಅಲ್ಲಿ ನಡೆದ ಮಾತು ಹೊರಬರುವುದೂ ಇಲ್ಲ. ಹೊರಗೆ ನಿಂತು ನೋಡುವವರಿಗೆ ಈ ಗೋಪ್ಯತೆ ಅಸಮಾಧಾನ ತರುವುದು ಸಹಜ. ಆದರೂ ಇದನ್ನು ನಾನು ಸಮರ್ಥಿಸುತ್ತೇನೆ, ಏಕೆಂದರೆ ತನ್ನ ಜಾಲದಿಂದಲೇ ವಂಚನೆಯ ಮೇಲ್‌ಗಳು ಹೊರಟವೆಂದು ಒಂದು ಕಂಪನಿಯ ಎಂಜಿನಿಯರ್ ಪ್ರತಿಸ್ಪರ್ಧಿ ಕಂಪನಿಯ ಎಂಜಿನಿಯರ್ ಎದುರು ಒಪ್ಪಿಕೊಳ್ಳಬೇಕಾದರೆ, ಆ ಮಾತು ಮರುದಿನ ಪತ್ರಿಕೆಯಲ್ಲಿ ಬರುವುದಿಲ್ಲವೆಂಬ ಖಾತರಿ ಇರಲೇಬೇಕು. ಚರ್ಚೆ ಮುಚ್ಚಿದ ಬಾಗಿಲಿನ ಹಿಂದೆ ನಡೆದರೂ ಅದರಿಂದ ಹುಟ್ಟಿದ ಮಾರ್ಗಸೂಚಿಗಳನ್ನು ಯಾರು ಬೇಕಾದರೂ ಹಣ ತೆರದೆ, ಹೆಸರು ನೋಂದಾಯಿಸದೆ ಓದಬಹುದು. ಸದಸ್ಯತ್ವದ ಶುಲ್ಕ ಮಾತ್ರ ಸಣ್ಣ ಸಂಸ್ಥೆಗಳಿಗೆ ಎಟುಕುವಂತಿಲ್ಲ.

ಈ ಮಾರ್ಗಸೂಚಿಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಕೆಲವು, ವಿಶೇಷವಾಗಿ ಸರ್ಕಾರಗಳನ್ನೂ ಕಂಪನಿಗಳ ಆಡಳಿತ ಮಂಡಳಿಗಳನ್ನೂ ಉದ್ದೇಶಿಸಿ ಬರೆದವು, ಬಹಳ ವಿಷಯಗಳನ್ನು ಮೇಲುಮೇಲೆ ಮುಟ್ಟಿ ಹೋಗುತ್ತವೆ. 2012ರಲ್ಲಿ ಬಂದು 2015ರಲ್ಲಿ ಪರಿಷ್ಕೃತವಾದ ಆಪರೇಷನ್ ಸೇಫ್ಟಿ-ನೆಟ್ ಎಂಬ ವರದಿ ಅಂತಹದು. ಈ ಕ್ಷೇತ್ರಕ್ಕೆ ಹೊಸಬರಾದವರಿಗೆ ಪರಿಚಯವಾಗಿ ಅದು ಚೆನ್ನಾಗಿದೆ, ಕೆಲಸಕ್ಕೆ ಕುಳಿತವರಿಗೆ ಅಷ್ಟು ಸಹಾಯವಾಗದು. ಆದರೆ ಒಂದೇ ಸಮಸ್ಯೆಯನ್ನು ಹಿಡಿದು ಬರೆದ ಸಣ್ಣ ದಾಖಲೆಗಳು ನಿಜಕ್ಕೂ ಶ್ರೇಷ್ಠವಾಗಿವೆ. ಬಳಸದೆ ಇಟ್ಟುಕೊಂಡ ಡೊಮೇನ್‌ಗಳನ್ನು (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರುಗಳನ್ನು) ಕಾಪಾಡುವ ಕುರಿತಾದ ಮಾರ್ಗಸೂಚಿಯನ್ನು ನಾನು ಇವೆಲ್ಲಕ್ಕಿಂತ ಮೇಲಿಡುತ್ತೇನೆ. ಬಹುತೇಕ ಸಂಸ್ಥೆಗಳ ಬಳಿ ಮುಖ್ಯ ಡೊಮೇನ್‌ನ ಜೊತೆಗೆ ಹಳೆಯ ಯೋಜನೆಗಳ ಹೆಸರು, ಕಾಗುಣಿತ ತಪ್ಪಿದ ರೂಪ, ಬೇರೆ ಪ್ರತ್ಯಯದ ರೂಪ ಎಂದು ಹಲವು ಡೊಮೇನ್‌ಗಳಿರುತ್ತವೆ. ಅವುಗಳಿಂದ ಯಾರೂ ಮೇಲ್ ಕಳುಹಿಸುವುದಿಲ್ಲವಾದ್ದರಿಂದ ಯಾರೂ ಅವುಗಳ ಕಡೆ ನೋಡುವುದೂ ಇಲ್ಲ, ಮತ್ತು ವಂಚಕರಿಗೆ ಬೇಕಾದದ್ದು ಅಂತಹ ಹೆಸರುಗಳೇ. ಈ ಡೊಮೇನ್‌ನಿಂದ ಯಾವ ಸರ್ವರಿಗೂ ಮೇಲ್ ಕಳುಹಿಸುವ ಅಧಿಕಾರವಿಲ್ಲ, ಇದರ ಹೆಸರಿನಲ್ಲಿ ಬಂದದ್ದನ್ನೆಲ್ಲ ತಿರಸ್ಕರಿಸಿ, ಇದಕ್ಕೆ ಮೇಲ್ ಕಳುಹಿಸಲೂ ಬೇಡಿ ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ ಹೆಸರುಗಳ ಬಹಿರಂಗ ದಾಖಲೆಯಲ್ಲಿ, ಮೂರು ಸಾಲು ಬರೆದಿಟ್ಟರೆ ಸಾಕೆಂದು ಆ ದಾಖಲೆ ತಿಳಿಸಿಕೊಡುತ್ತದೆ. ಇದಕ್ಕೆ ಹೊಸ ತಂತ್ರಾಂಶ ಬೇಡ, ಖರ್ಚಿಲ್ಲ, ನಿಜವಾದ ಮೇಲ್ ಕಳೆದುಹೋಗುವ ಅಪಾಯವಂತೂ ಇಲ್ಲವೇ ಇಲ್ಲ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ನಿಶ್ಚಿತವಾದ ಪ್ರಯೋಜನ ಕೊಡುವ ಸಲಹೆಯನ್ನು ಭದ್ರತಾ ಕ್ಷೇತ್ರದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ದೃಢೀಕರಣದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಉಳಿದದ್ದೆಲ್ಲ ನಿಂತಿರುವುದು ಅದರ ಮೇಲೆ. ಎಸ್‌ಪಿಎಫ್ ಎಂಬುದು ಒಂದು ಡೊಮೇನ್‌ನ ಪರವಾಗಿ ಯಾವ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂಬುದರ ಬಹಿರಂಗ ಪಟ್ಟಿ. ಇಂಟರ್ನೆಟ್‌ನ ತಾಂತ್ರಿಕ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಎಂಬ ದಾಖಲೆ ಸರಣಿಯಲ್ಲಿ 2006ರಲ್ಲಿ ಆರ್‌ಎಫ್‌ಸಿ 4408 ಆಗಿ ಪ್ರಕಟವಾದ ಇದರ ಈಗಿನ ರೂಪ 2014ರ ಆರ್‌ಎಫ್‌ಸಿ 7208. ಡಿಕಿಮ್ ಎಂಬುದು ಮೇಲ್‌ನ ಮೇಲೆ ಹಾಕುವ ಗೂಢಲಿಪಿಯ ಸಹಿ. ಸಹಿಯನ್ನು ಪರಿಶೀಲಿಸಲು ಬೇಕಾದ ಕೀಲಿ ಕಳುಹಿಸುವವರ ಡಿಎನ್‌ಎಸ್‌ನಲ್ಲಿಯೇ ಸಿಗುತ್ತದೆ. ಇವೆರಡೂ ಒಳ್ಳೆಯ ಸಾಧನಗಳಾದರೂ ಎರಡರಲ್ಲಿಯೂ ಒಂದೇ ಬಗೆಯ ಕೊರತೆಯಿತ್ತು. ಎಸ್‌ಪಿಎಫ್ ಪರಿಶೀಲಿಸುವುದು ಲಕೋಟೆಯ ಮೇಲಿನ, ಅಂದರೆ ತಲುಪದ ಮೇಲ್ ಹಿಂದಿರುಗಬೇಕಾದ ವಿಳಾಸವನ್ನೇ ಹೊರತು, ಓದುವವರ ಕಣ್ಣಿಗೆ ಕಾಣುವ ಕಳುಹಿಸಿದವರ ಹೆಸರನ್ನಲ್ಲ. ಡಿಕಿಮ್ ಸಹಿಯೂ ಯಾವುದೋ ಸಂಬಂಧವಿಲ್ಲದ ಡೊಮೇನ್‌ನದ್ದಾಗಿರಲು ಅಡ್ಡಿಯಿರಲಿಲ್ಲ. ಹೀಗಾಗಿ ವಂಚಕರು ತಮ್ಮದೇ ಡೊಮೇನ್‌ನಲ್ಲಿ ಎರಡೂ ಪರೀಕ್ಷೆಗಳನ್ನು ಸರಿಯಾಗಿ ದಾಟಿ, ಓದುವವರಿಗೆ ಮಾತ್ರ ಬ್ಯಾಂಕಿನ ಹೆಸರನ್ನು ತೋರಿಸಬಹುದಾಗಿತ್ತು.

ಈ ಬಿರುಕನ್ನು ಮುಚ್ಚಿದ್ದು ಡಿಮಾರ್ಕ್. ಪೇಪಾಲ್, ಗೂಗಲ್, ಮೈಕ್ರೋಸಾಫ್ಟ್, ಯಾಹೂ ಮುಂತಾದ ಕಂಪನಿಗಳು ಕೂಡಿ 2012ರ ಜನವರಿಯಲ್ಲಿ ಇದನ್ನು ಪ್ರಕಟಿಸಿದವು, 2015ರಲ್ಲಿ ಇದು ಆರ್‌ಎಫ್‌ಸಿ 7489 ಆಯಿತು. ಕಣ್ಣಿಗೆ ಕಾಣುವ ವಿಳಾಸದ ಡೊಮೇನ್ ಮತ್ತು ಪರೀಕ್ಷೆಯಲ್ಲಿ ತೇರ್ಗಡೆಯಾದ ಡೊಮೇನ್ ಒಂದಕ್ಕೊಂದು ಹೊಂದಬೇಕೆಂದು ಅದು ವಿಧಿಸುತ್ತದೆ. ಹೊಂದದಿದ್ದರೆ ಏನು ಮಾಡಬೇಕೆಂಬುದನ್ನು ಡೊಮೇನ್‌ನ ಒಡೆಯರೇ ಸೂಚಿಸಬಹುದು: ಏನೂ ಮಾಡದೆ ವರದಿ ಮಾತ್ರ ಕಳುಹಿಸಿ, ಅನುಮಾನದ ಪೆಟ್ಟಿಗೆಗೆ ಹಾಕಿ, ಅಥವಾ ಬಾಗಿಲಲ್ಲಿಯೇ ತಿರಸ್ಕರಿಸಿ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಆ ವರದಿಗಳು. ನಮ್ಮ ಡೊಮೇನ್‌ನ ಹೆಸರಿನಲ್ಲಿ ಯಾವ ಐಪಿ ವಿಳಾಸಗಳಿಂದ ಎಷ್ಟು ಮೇಲ್ ಬಂತು, ಅವು ಪರೀಕ್ಷೆಯಲ್ಲಿ ಏನಾದವು ಎಂಬ ಲೆಕ್ಕವನ್ನು ಮೇಲ್ ಪಡೆಯುವ ದೊಡ್ಡ ಸೇವೆಗಳು ಸಾಮಾನ್ಯವಾಗಿ ದಿನಕ್ಕೊಮ್ಮೆ ಕಳುಹಿಸುತ್ತವೆ. ಮೊದಲ ಕೆಲವು ವಾರಗಳ ವರದಿಗಳನ್ನು ಗಮನವಿಟ್ಟು ಓದಿದರೆ ಸಂಸ್ಥೆಯ ಬಗ್ಗೆ ಸಂಸ್ಥೆಗೇ ಗೊತ್ತಿಲ್ಲದ ಸಂಗತಿಗಳು ತಿಳಿಯುತ್ತವೆ. ಲೆಕ್ಕಪತ್ರ ವಿಭಾಗ ಬಳಸುವ ಬಿಲ್ಲಿಂಗ್ ಸೇವೆ, ಹಿಂದೆ ಯಾರೋ ಜೋಡಿಸಿ ಮರೆತ ಸಮೀಕ್ಷೆಯ ಸೇವೆ, ಮುದ್ರಕ ಯಂತ್ರವೊಂದು ತಾನಾಗಿ ಕಳುಹಿಸುವ ಸೂಚನೆಗಳು, ಹೀಗೆ ನ್ಯಾಯವಾದ ಆದರೆ ದೃಢೀಕರಣವಿಲ್ಲದ ಮೂಲಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಅವುಗಳ ನಡುವೆ ನಮ್ಮೊಂದಿಗೆ ಯಾವ ಸಂಬಂಧವೂ ಇಲ್ಲದ ಜಾಲಗಳಿಂದ ನಮ್ಮ ಹೆಸರಿನಲ್ಲಿ ಹೊರಟ ಮೇಲ್‌ಗಳೂ ಕಾಣುತ್ತವೆ. ಅದುವರೆಗೆ ಊಹೆಯಾಗಿದ್ದ ದುರುಪಯೋಗ ಅಲ್ಲಿ ಅಂಕಿಗಳಾಗಿ ಎದುರು ನಿಲ್ಲುತ್ತದೆ, ಮತ್ತು ಆಡಳಿತದವರನ್ನು ಒಪ್ಪಿಸಲು ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ವರದಿಗಳು ಎಕ್ಸ್‌ಎಂಎಲ್ ರೂಪದಲ್ಲಿ ಬರುವುದರಿಂದ ಬರಿಗಣ್ಣಿನಲ್ಲಿ ಓದುವುದು ತ್ರಾಸದ ಕೆಲಸ; ಅವುಗಳನ್ನು ಕೋಷ್ಟಕವಾಗಿ ತೋರಿಸುವ ಉಚಿತ ತಂತ್ರಾಂಶವೊಂದನ್ನು ಮೊದಲೇ ಸಿದ್ಧಪಡಿಸಿಕೊಂಡಿರುವುದು ಲೇಸು.

ಕೊರತೆಗಳೂ ಸಣ್ಣವಲ್ಲ. ಎಸ್‌ಪಿಎಫ್ ದಾಖಲೆಯೊಂದನ್ನು ಪರಿಶೀಲಿಸುವಾಗ ಡಿಎನ್‌ಎಸ್ ಹುಡುಕಾಟ 10ಕ್ಕಿಂತ ಹೆಚ್ಚಾಗಬಾರದೆಂಬ ಮಿತಿಯಿದೆ. ಹೊರಗಿನ ನಾಲ್ಕೈದು ಸೇವೆಗಳನ್ನು ಸೇರಿಸಿಕೊಂಡ ಸಂಸ್ಥೆ ಈ ಮಿತಿಯನ್ನು ತನಗೆ ಅರಿವಿಲ್ಲದೆಯೇ ದಾಟುತ್ತದೆ, ದಾಟಿದ ಕ್ಷಣದಿಂದ ಇಡೀ ದಾಖಲೆ ದೋಷಯುಕ್ತವೆನಿಸುತ್ತದೆ. ಮೇಲ್ ಅನ್ನು ಬೇರೆ ವಿಳಾಸಕ್ಕೆ ರವಾನಿಸಿದಾಗ ಎಸ್‌ಪಿಎಫ್ ಮುರಿಯುತ್ತದೆ. ಮೇಲ್ ಮೂಲಕ ನಡೆಯುವ ಚರ್ಚಾಕೂಟಗಳ (ಮೇಲಿಂಗ್ ಲಿಸ್ಟ್) ಸರ್ವರ್‌ಗಳು ವಿಷಯದ ಸಾಲಿಗೆ ಗುಂಪಿನ ಹೆಸರನ್ನೋ ಕೊನೆಯಲ್ಲಿ ಅಡಿಟಿಪ್ಪಣಿಯನ್ನೋ ಸೇರಿಸಿದಾಗ ಡಿಕಿಮ್ ಸಹಿಯೂ ಮುರಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ, ಅದರ ಬೆನ್ನಿಗೇ ಎಒಎಲ್, ತಮ್ಮ ಬಳಕೆದಾರರ ಡೊಮೇನ್‌ಗಳಿಗೆ ತಿರಸ್ಕಾರದ ನೀತಿಯನ್ನು ಅನ್ವಯಿಸಿದಾಗ, ಆ ವಿಳಾಸಗಳಿಂದ ಚರ್ಚಾಕೂಟಗಳಿಗೆ ಬರೆದ ಮೇಲ್‌ಗಳು ಜಗತ್ತಿನಾದ್ಯಂತ ಹಿಂದಿರುಗಿದವು. ಬರೆದವರ ಸ್ವಂತ ವಿಳಾಸವನ್ನು ಕೂಟದ ವಿಳಾಸದಿಂದ ಬದಲಿಸುವ ತಾತ್ಕಾಲಿಕ ಪರಿಹಾರ ಆಗ ಬಳಕೆಗೆ ಬಂತು, ಅದು ಇಂದಿಗೂ ಹಾಗೆಯೇ ಉಳಿದಿದೆ. ಈ ತೊಡಕನ್ನು ನೀಗಿಸಲೆಂದು 2019ರಲ್ಲಿ, ದಾರಿಯಲ್ಲಿನ ಸರ್ವರ್‌ಗಳು ಮೂಲ ಪರೀಕ್ಷೆಯ ಫಲವನ್ನು ಸಹಿಯೊಂದಿಗೆ ಮುಂದಕ್ಕೆ ಸಾಗಿಸುವ ಆರ್ಕ್ ಎಂಬ ವಿಧಾನ ಆರ್‌ಎಫ್‌ಸಿ 8617 ಆಗಿ ಪ್ರಯೋಗದ ನೆಲೆಯಲ್ಲಿ ಬಂದಿತಾದರೂ, ಮಧ್ಯವರ್ತಿ ಸರ್ವರ್‌ಗಳಲ್ಲಿ ಯಾವುದನ್ನು ನಂಬಬೇಕೆಂಬ ಪ್ರಶ್ನೆಯನ್ನು ಅದು ಮೇಲ್ ಪಡೆಯುವವರಿಗೇ ಬಿಟ್ಟಿದೆ. ಸ್ವಯಂಸೇವಕರು ನಡೆಸುವ ಚರ್ಚಾಕೂಟಗಳ ಮೇಲೆ ಹೀಗೆ ಬಿದ್ದ ಹೊರೆಯನ್ನು ದೊಡ್ಡ ಕಂಪನಿಗಳು ಇಂದಿಗೂ ಪೂರ್ತಿಯಾಗಿ ಇಳಿಸಿಲ್ಲ ಎಂಬುದು ನನ್ನ ಗಟ್ಟಿಯಾದ ಆಕ್ಷೇಪ.

ವರದಿ ಮಾತ್ರ ಪಡೆಯುವ ಮೊದಲ ಮೆಟ್ಟಿಲಿನಲ್ಲಿಯೇ ನಿಂತುಬಿಡುವುದು ಮತ್ತೊಂದು ದೌರ್ಬಲ್ಯ, ಆದರೆ ಅದು ಬಳಕೆದಾರರಿಗೆ ಸೇರಿದ್ದು. ಡಿಮಾರ್ಕ್ ದಾಖಲೆ ಇದೆ ಎಂಬ ಒಂದೇ ಕಾರಣಕ್ಕೆ ಸುರಕ್ಷಿತವೆಂದು ಭಾವಿಸುವ ಸಂಸ್ಥೆಗಳು ಬಹಳ ಇವೆ. ತಡೆಯುವ ನೀತಿಯಿಲ್ಲದ ದಾಖಲೆ ಯಾವ ಮೇಲ್ ಅನ್ನೂ ತಡೆಯುವುದಿಲ್ಲ.

ಈ ಎಲ್ಲ ಮಾರ್ಗಸೂಚಿಗಳು ಬಹುಕಾಲ ಸಲಹೆಗಳಾಗಿಯೇ ಇದ್ದವು. ಅವುಗಳಲ್ಲಿ ಮುಖ್ಯವಾದ ಕೆಲವು ಕಡ್ಡಾಯವಾದದ್ದು 2024ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ, 2023ರ ಅಕ್ಟೋಬರ್‌ನಲ್ಲಿ, ಗೂಗಲ್ ಮತ್ತು ಯಾಹೂ ಒಂದೇ ಸಮಯಕ್ಕೆ ಹೊಸ ನಿಯಮಗಳನ್ನು ಘೋಷಿಸಿದ್ದವು. ಅವುಗಳ ಪ್ರಕಾರ ಸಗಟು ಮೇಲ್ ಕಳುಹಿಸುವವರು, ಜಿಮೇಲ್‌ನ ಲೆಕ್ಕದಲ್ಲಿ ಹೇಳುವುದಾದರೆ ಅದರ ಖಾತೆಗಳಿಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರು, ಎಸ್‌ಪಿಎಫ್ ಮತ್ತು ಡಿಕಿಮ್ ಎರಡನ್ನೂ ಅಳವಡಿಸಿ ಡಿಮಾರ್ಕ್ ದಾಖಲೆಯನ್ನು ಪ್ರಕಟಿಸಬೇಕು, ಪ್ರಚಾರದ ಮೇಲ್‌ಗಳಿಂದ ಒಂದೇ ಒತ್ತಿಗೆ ಹೊರಬರುವ ಅವಕಾಶ ಕೊಡಬೇಕು, ಹೊರಬರುವ ಕೋರಿಕೆಯನ್ನು ಎರಡು ದಿನಗಳೊಳಗೆ ನಡೆಸಿಕೊಡಬೇಕು, ಮತ್ತು ದೂರಿನ ಪ್ರಮಾಣವನ್ನು ಶೇ 0.3ಕ್ಕಿಂತ ಕೆಳಗೆ ಇರಿಸಿಕೊಳ್ಳಬೇಕು. 2025ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ಖಾತೆಗಳಿಗೆ ಇದೇ ಬಗೆಯ ದೃಢೀಕರಣದ ನಿಯಮಗಳನ್ನು ತಂದಿತು. ಇವುಗಳಲ್ಲಿ ಹೊಸ ವಿಚಾರ ಒಂದೂ ಇಲ್ಲ. ಒಕ್ಕೂಟದ ದಾಖಲೆಗಳನ್ನು ಓದಿದವರಿಗೆ ಎಲ್ಲವೂ ಮೊದಲೇ ಪರಿಚಿತ. ಆದರೂ ಎರಡು ಕಂಪನಿಗಳು ಕೂಡಿ ಒಂದು ದಿನಾಂಕ ಗೊತ್ತುಮಾಡಿದ್ದರಿಂದ ವರ್ಷಗಟ್ಟಲೆ ಮುಂದೂಡುತ್ತಿದ್ದವರೂ ಕೆಲವೇ ತಿಂಗಳುಗಳಲ್ಲಿ ಕೆಲಸ ಮುಗಿಸಿದರು. ಜಿಮೇಲ್ ಬಳಕೆದಾರರಿಗೆ ಬರುತ್ತಿದ್ದ ದೃಢೀಕರಣವಿಲ್ಲದ ಮೇಲ್‌ಗಳು ಶೇ 65ರಷ್ಟು ಕಡಿಮೆಯಾದವೆಂದು ಗೂಗಲ್ ಹೇಳಿದೆ. ಉದ್ಯಮದ ಸ್ವಯಂಶಿಸ್ತು ತನ್ನಷ್ಟಕ್ಕೆ ತಾನೇ ಸಾಕೆಂದು ನಂಬುವವರು ಈ ಬೆಳವಣಿಗೆಯನ್ನು ಗಮನಿಸಬೇಕು. ಜೊತೆಗೆ, ಅಷ್ಟು ದೊಡ್ಡ ನಿರ್ಧಾರದ ಶಕ್ತಿ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ ಎಂಬುದೂ ಅಷ್ಟೇ ಚಿಂತಿಸತಕ್ಕ ವಿಷಯ.

ಒಂದೇ ಒತ್ತಿಗೆ ಹೊರಬರುವ ಏರ್ಪಾಡಿನ ರಚನೆಯನ್ನು ಪ್ರತ್ಯೇಕವಾಗಿ ಮೆಚ್ಚಬೇಕು. ಮೇಲ್‌ನಲ್ಲಿರುವ ಕೊಂಡಿಗಳನ್ನು ಭದ್ರತಾ ತಂತ್ರಾಂಶಗಳು ತಾವಾಗಿಯೇ ತೆರೆದು ಪರೀಕ್ಷಿಸುವುದರಿಂದ, ಬರಿಯ ಕೊಂಡಿಯನ್ನು ಕೊಟ್ಟರೆ ಓದುಗರಿಗೆ ತಿಳಿಯದೆಯೇ ಅವರ ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು. 2017ರ ಆರ್‌ಎಫ್‌ಸಿ 8058 ಇದನ್ನು ಮುಂದಾಗಿಯೇ ಯೋಚಿಸಿ, ಕೊಂಡಿಯನ್ನು ತೆರೆದ ಮಾತ್ರಕ್ಕೆ ಏನೂ ಆಗದಂತೆ ಮತ್ತು ಪೋಸ್ಟ್ ಎಂಬ ಬೇರೆ ಬಗೆಯ ನಿಶ್ಚಿತ ವಿನಂತಿ ಬಂದಾಗ ಮಾತ್ರ ಹೆಸರು ತೆಗೆಯುವಂತೆ ವಿಧಿಸಿದೆ. ಸಾಮಾನ್ಯ ಓದುಗರಿಗೆ ಕಾಣಿಸುವುದು ಮೇಲ್‌ನ ಮೇಲ್ಭಾಗದ ಒಂದು ಗುಂಡಿ ಮಾತ್ರ.

ತಡೆಪಟ್ಟಿಗಳ ವಿಷಯಕ್ಕೆ ಬಂದರೆ, ಸ್ಟೀವ್ ಲಿನ್‌ಫರ್ಡ್ ಅವರು 1998ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸ್ಪ್ಯಾಮ್‌ಹೌಸ್ ಇಂದಿಗೂ ಅಗ್ರಸ್ಥಾನದಲ್ಲಿದೆ. ಮೇಲ್ ತರುವ ಸರ್ವರಿನ ಐಪಿ ವಿಳಾಸವನ್ನು ತಿರುವುಮುರುವಾಗಿ ಬರೆದು ಡಿಎನ್‌ಎಸ್ ಮೂಲಕ ಕೇಳಿದರೆ ಆ ವಿಳಾಸ ಪಟ್ಟಿಯಲ್ಲಿದೆಯೇ ಎಂಬ ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ. ಖಚಿತವಾದ ಸ್ಪ್ಯಾಮ್ ಮೂಲಗಳು, ವೈರಿಗಳ ವಶವಾದ ಯಂತ್ರಗಳು, ನೇರವಾಗಿ ಮೇಲ್ ಕಳುಹಿಸಬಾರದ ಮನೆಬಳಕೆಯ ಸಂಪರ್ಕಗಳು ಎಂಬ ಬೇರೆ ಬೇರೆ ಪಟ್ಟಿಗಳನ್ನು ಝೆನ್ ಎಂಬ ಒಂದೇ ಪ್ರಶ್ನೆಯಲ್ಲಿ ಕೂಡಿಸಿ ಕೇಳಬಹುದು. ಮೇಲ್‌ನ ಒಡಲನ್ನು ತೆರೆಯುವ ಮೊದಲೇ ಬಾಗಿಲಲ್ಲಿ ಸ್ಪ್ಯಾಮ್‌ನ ದೊಡ್ಡ ಪಾಲು ನಿಂತುಹೋಗುವುದರಿಂದ ಸಣ್ಣ ಸರ್ವರಿನ ಮೇಲಿನ ಹೊರೆ ಬಹಳ ಇಳಿಯುತ್ತದೆ, ಮತ್ತು ನಿಜವಾದ ಮೇಲ್ ತಪ್ಪಾಗಿ ತಡೆಯಲ್ಪಟ್ಟದ್ದು ನನ್ನ ಬಳಕೆಯಲ್ಲಿ ಅಪರೂಪ. ಕಡಿಮೆ ಪ್ರಮಾಣದ, ವಾಣಿಜ್ಯೇತರ ಬಳಕೆಗೆ ಶುಲ್ಕವಿಲ್ಲ.

ಅಳವಡಿಸುವವರು ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಸಾರ್ವಜನಿಕ ಡಿಎನ್‌ಎಸ್ ಸೇವೆಗಳ ಮೂಲಕ ಕೇಳಿದ ಪ್ರಶ್ನೆಗಳಿಗೆ ಸ್ಪ್ಯಾಮ್‌ಹೌಸ್ ಉತ್ತರಿಸುವುದಿಲ್ಲ, ಬದಲಿಗೆ 127.255.255.254 ಎಂಬ ದೋಷಸೂಚನೆಯನ್ನು ಹಿಂದಿರುಗಿಸುತ್ತದೆ. ಬಂದ ಉತ್ತರ ಯಾವುದೇ ಆಗಿದ್ದರೂ ಅದನ್ನು ತಡೆಯೆಂದೇ ಅರ್ಥೈಸುವ ಸರ್ವರ್ ಆಗ ಎಲ್ಲರ ಮೇಲ್ ಅನ್ನೂ ತಿರಸ್ಕರಿಸುತ್ತದೆ. ಆದ್ದರಿಂದ ಸ್ವಂತ ಡಿಎನ್‌ಎಸ್ ಪರಿಹಾರಕವನ್ನು, ಅಂದರೆ ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ತಂತ್ರಾಂಶವನ್ನು, ನಡೆಸುವುದು ಮತ್ತು ಉತ್ತರದ ಸಂಕೇತಗಳನ್ನು ಒಂದೊಂದಾಗಿ ಪ್ರತ್ಯೇಕಿಸುವುದು ಅತ್ಯಗತ್ಯ. ಎರಡನೆಯದಾಗಿ, ಮನೆಬಳಕೆಯ ಸಂಪರ್ಕಗಳ ಪಟ್ಟಿಯಲ್ಲಿ ಹೆಸರಿರುವುದು ಆರೋಪವಲ್ಲ. ಅಂತಹ ಸಂಪರ್ಕದವರು 587ನೇ ಪೋರ್ಟಿನ (ಸರ್ವರಿನ ಸಂಖ್ಯೆಯಿಟ್ಟ ದ್ವಾರದ) ಮೂಲಕ, ಗುಪ್ತಪದ ಕೊಟ್ಟು, ತಮ್ಮ ಸೇವಾದಾರರ ಸರ್ವರಿಗೆ ಮೇಲ್ ಒಪ್ಪಿಸಬೇಕೆಂಬುದಷ್ಟೇ ಅದರ ಅರ್ಥ. ಈ ಪದ್ಧತಿ ಇಂದು ಇಷ್ಟು ಸಹಜವಾಗಿರುವುದಕ್ಕೆ, ಗ್ರಾಹಕರ ಯಂತ್ರಗಳಿಂದ 25ನೇ ಪೋರ್ಟಿನ ಮೂಲಕ ನೇರವಾಗಿ ಮೇಲ್ ಹೊರಹೋಗದಂತೆ ನಿರ್ವಹಿಸಿ ಎಂದು ಒಕ್ಕೂಟವು ಸೇವಾದಾರರನ್ನು ತನ್ನ ಆರಂಭದ ವರ್ಷಗಳಲ್ಲಿಯೇ ಒತ್ತಾಯಿಸಿದ್ದೂ ಒಂದು ಕಾರಣ.

ಎಲ್ಲ ತಡೆಪಟ್ಟಿಗಳೂ ಇಷ್ಟು ಶಿಸ್ತಿನಿಂದ ನಡೆಯುವುದಿಲ್ಲ. ಹೆಸರು ತೆಗೆಯಲು ಹಣ ಕೇಳುವ ಪಟ್ಟಿಗಳೂ ಇವೆ. ಪಟ್ಟಿ ನಡೆಸುವವರು ಹಾಗೆ ಹಣ ಕೇಳಬಾರದೆಂದೂ, ಕೇಳುವ ಪಟ್ಟಿಗಳನ್ನು ಬಳಸದಿರುವುದೇ ಲೇಸೆಂದೂ 2012ರ ಆರ್‌ಎಫ್‌ಸಿ 6471 ಸ್ಪಷ್ಟವಾಗಿ ಹೇಳುತ್ತದೆ. ಸ್ಪ್ಯಾಮ್‌ಹೌಸ್ ಹೆಸರು ತೆಗೆಯಲು ಶುಲ್ಕ ವಿಧಿಸುವುದಿಲ್ಲ. ಈ ಕೆಲಸಕ್ಕೆ ಅದು ತೆತ್ತ ಬೆಲೆಯನ್ನೂ ಇಲ್ಲಿ ಹೇಳಬೇಕು. ಪಟ್ಟಿಗೆ ಸೇರಿದ ಇ360 ಎಂಬ ಮಾರಾಟ ಕಂಪನಿ ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯಲ್ಲಿ 2006ರಲ್ಲಿ ಅದರ ವಿರುದ್ಧ 1.17 ಕೋಟಿ ಡಾಲರ್ ಪರಿಹಾರದ ಏಕಪಕ್ಷೀಯ ಆದೇಶವಾಯಿತು. ಮೇಲ್ಮನವಿಗಳು ಮುಗಿದು 2011ರಲ್ಲಿ ಆ ಮೊತ್ತ 3 ಡಾಲರಿಗೆ ಇಳಿಯಿತು. 2013ರ ಮಾರ್ಚ್‌ನಲ್ಲಿ ಅದರ ಮೇಲೆ ನಡೆದ, ಸರ್ವರ್‌ಗಳನ್ನು ಅತಿಯಾದ ದಟ್ಟಣೆಯಿಂದ ಉಸಿರುಗಟ್ಟಿಸುವ ಸೇವಾನಿರಾಕರಣೆಯ ದಾಳಿ ಸೆಕೆಂಡಿಗೆ ಸುಮಾರು 300 ಗಿಗಾಬಿಟ್‌ಗಳಷ್ಟು ತೀವ್ರವಾಗಿದ್ದು, ಅಲ್ಲಿಯವರೆಗೆ ಕಂಡ ಅತಿ ದೊಡ್ಡ ದಾಳಿಗಳಲ್ಲಿ ಒಂದಾಗಿತ್ತು.

ದೂರು ಮರಳಿಸುವ ಏರ್ಪಾಡು ಸರಳವಾದದ್ದು. ಓದುಗರು ಸ್ಪ್ಯಾಮ್ ಎಂಬ ಗುಂಡಿ ಒತ್ತಿದಾಗ ಅದರ ಸೂಚನೆ, 2010ರಲ್ಲಿ ಆರ್‌ಎಫ್‌ಸಿ 5965 ಗೊತ್ತುಪಡಿಸಿದ ರೂಪದಲ್ಲಿ, ನೋಂದಾಯಿಸಿಕೊಂಡ ಕಳುಹಿಸುವವರಿಗೆ ತಲುಪುತ್ತದೆ. ಸೇವೆಯಿಂದ ಸೇವೆಗೆ ಪ್ರತ್ಯೇಕವಾಗಿ ನೋಂದಾಯಿಸಬೇಕಾಗಿರುವುದು ಕಿರಿಕಿರಿಯ ಸಂಗತಿ. ಜಿಮೇಲ್‌ನಲ್ಲಂತೂ ಬಿಡಿ ದೂರುಗಳು ಸಿಗುವುದಿಲ್ಲ, ಒಟ್ಟು ಪ್ರಮಾಣ ಮಾತ್ರ ಕಾಣುತ್ತದೆ.

ಸಣ್ಣವರಿಗೆ ಈ ವ್ಯವಸ್ಥೆಯಲ್ಲಿ ಆಗುವ ಅನ್ಯಾಯವೊಂದನ್ನು ಮುಚ್ಚಿಡಲಾರೆ. ಎಲ್ಲ ದಾಖಲೆಗಳೂ ಸರಿಯಾಗಿದ್ದು, ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದಿದ್ದರೂ, ನಮ್ಮ ಮೇಲ್‌ಗಳನ್ನು ಒಂದು ದೊಡ್ಡ ಸೇವೆ ಯಾವ ದೋಷಸೂಚನೆಯನ್ನೂ ಕೊಡದೆ ಒಪ್ಪಿಕೊಂಡು ಜಂಕ್ ಪೆಟ್ಟಿಗೆಗೆ ಸೇರಿಸುತ್ತಿತ್ತು. ಮೇಲ್ ಪ್ರಮಾಣ ಕಡಿಮೆಯಿದ್ದರೆ ಒಳ್ಳೆಯ ಹೆಸರು ಬೆಳೆಯುವುದಕ್ಕೇ ಅವಕಾಶವಿಲ್ಲ. ವಿಚಾರಿಸೋಣವೆಂದರೆ ಅರ್ಜಿಯ ನಮೂನೆ ಸಿಗುತ್ತದೆಯೇ ಹೊರತು ಉತ್ತರಿಸುವ ಮನುಷ್ಯರು ಸಿಗುವುದಿಲ್ಲ. ಒಕ್ಕೂಟದ ಸಭೆಗಳಲ್ಲಿ ಕುಳಿತ ದೊಡ್ಡ ಕಳುಹಿಸುವವರಿಗೆ ಎದುರು ಮೇಜಿನಲ್ಲಿಯೇ ದೊರೆಯುವ ಉತ್ತರ, ಅದೇ ಮಾರ್ಗಸೂಚಿಗಳನ್ನು ಅಕ್ಷರಶಃ ಪಾಲಿಸಿದ ಸಣ್ಣ ಸಂಸ್ಥೆಗೆ ದೊರೆಯದಿರುವುದು ನ್ಯಾಯವಲ್ಲ. ಕಳುಹಿಸುವವರ ಕರ್ತವ್ಯಗಳನ್ನು ಅಷ್ಟು ವಿವರವಾಗಿ ಬರೆದ ಒಕ್ಕೂಟವು ಮೇಲ್ ಪಡೆಯುವವರ ಕರ್ತವ್ಯಗಳನ್ನೂ, ಅಂದರೆ ಕಾರಣ ತಿಳಿಸುವುದು, ಮೇಲ್ಮನವಿಗೆ ಕಾಲಮಿತಿ ಇರಿಸಿಕೊಳ್ಳುವುದು ಮುಂತಾದವನ್ನು, ಅಷ್ಟೇ ಬಿಗಿಯಾಗಿ ಬರೆಯಬೇಕೆಂಬುದು ನನ್ನ ಬೇಡಿಕೆ.

ಇಮೇಲ್‌ನಿಂದ ಹೊರಗೆ ಬಂದರೆ ಚಿತ್ರ ಅಷ್ಟು ಆಶಾದಾಯಕವಾಗಿಲ್ಲ. ಎಸ್‌ಎಂಎಸ್‌ನಲ್ಲಿ ಕಳುಹಿಸಿದವರ ಹೆಸರಾಗಿ ಅಕ್ಷರಗಳನ್ನು ಬಳಸಲು ಅವಕಾಶವಿದ್ದು, ನೋಂದಣಿಯ ಕಟ್ಟುಪಾಡಿಲ್ಲದ ಜಾಲಗಳಲ್ಲಿ ವಂಚಕರು ಬ್ಯಾಂಕಿನ ಹೆಸರನ್ನೇ ಬಳಸಿದರೆ ಅವರ ಸಂದೇಶ ಬ್ಯಾಂಕಿನ ನಿಜವಾದ ಸಂದೇಶಗಳ ಸಾಲಿನಲ್ಲಿಯೇ ಹೋಗಿ ಕೂರುತ್ತದೆ. ಸಿಂಗಪುರ 2023ರ ಜನವರಿಯ ಕೊನೆಯಿಂದ ಇಂತಹ ಹೆಸರುಗಳ ನೋಂದಣಿಯನ್ನು ಕಡ್ಡಾಯಗೊಳಿಸಿ, ನೋಂದಾಯಿಸದ ಹೆಸರುಗಳ ಜಾಗದಲ್ಲಿ ಇದು ವಂಚನೆಯಿರಬಹುದೆಂಬ ಎಚ್ಚರಿಕೆ ಕಾಣುವಂತೆ ಮಾಡಿದೆ. ಇಮೇಲ್‌ನ ತತ್ತ್ವವನ್ನೇ ಎಸ್‌ಎಂಎಸ್‌ಗೆ ಅನ್ವಯಿಸಿದ ಈ ಕ್ರಮ ಸರಿಯಾದ ದಿಕ್ಕಿನದು. ಅಮೆರಿಕ, ಬ್ರಿಟನ್ ಮುಂತಾದ ಕಡೆ 7726 ಎಂಬ ಸಂಖ್ಯೆಗೆ ವಂಚನೆಯ ಸಂದೇಶವನ್ನು ರವಾನಿಸಿ ದೂರು ಕೊಡಬಹುದು. ಆದರೆ ಇಂದಿನ ವಂಚಕರು ನಕಲಿ ಮೊಬೈಲ್ ಗೋಪುರಗಳಂತೆ ವರ್ತಿಸುವ ಉಪಕರಣಗಳಿಂದ ಸುತ್ತಲಿನ ಫೋನ್‌ಗಳನ್ನು 2ಜಿಗೆ ಇಳಿಸಿ, ದೂರಸಂಪರ್ಕ ಕಂಪನಿಯ ಜಾಲವನ್ನು ಮುಟ್ಟದೆಯೇ ಸಂದೇಶ ತಳ್ಳುತ್ತಾರೆ. ಅಂತಹ ಸಂದೇಶವನ್ನು ಕಂಪನಿಯ ಯಾವ ಶೋಧಕವೂ ಕಾಣುವುದಿಲ್ಲ. 2ಜಿಯಲ್ಲಿ ಫೋನ್ ತನ್ನ ಗುರುತನ್ನು ಜಾಲಕ್ಕೆ ಸಾಬೀತುಪಡಿಸಬೇಕಾಗಿದ್ದರೂ, ಜಾಲ ತನ್ನ ಗುರುತನ್ನು ಫೋನಿಗೆ ಸಾಬೀತುಪಡಿಸಬೇಕಾಗಿಲ್ಲದಿರುವುದೇ ಇದಕ್ಕೆ ಮೂಲ ಕಾರಣ. ಆ್ಯಂಡ್ರಾಯ್ಡ್ 12ರಿಂದ ಈಚಿನ, ಈ ಸೌಲಭ್ಯವಿರುವ ಫೋನ್‌ಗಳಲ್ಲಿ 2ಜಿಯನ್ನು ನಿಲ್ಲಿಸಿಡಬಹುದು. ಆಯ್ಕೆ ಇದ್ದವರು ಅದನ್ನು ಬಳಸಿಕೊಳ್ಳಬೇಕೆಂದು ನಾನು ಹೇಳುತ್ತೇನೆ.

ಕೊನೆಯಿಂದ ಕೊನೆಗೆ ಗೂಢಲಿಪಿ ಇರುವ ಸಂದೇಶ ಸೇವೆಗಳಲ್ಲಿ ಮತ್ತೊಂದು ಬಗೆಯ ಕಷ್ಟವಿದೆ. ಒಳಗಿನ ಮಾತನ್ನು ಸೇವೆ ನಡೆಸುವವರೂ ಓದಲಾರರು, ಓದಬಾರದು ಕೂಡ. ವಾಟ್ಸಾಪ್‌ನಲ್ಲಿ ಒಬ್ಬರ ಮೇಲೆ ದೂರು ಕೊಟ್ಟಾಗ ಅವರಿಂದ ಬಂದ ಕೊನೆಯ ಐದು ಸಂದೇಶಗಳವರೆಗೆ ಕಂಪನಿಗೆ ಹೋಗುತ್ತವೆ. ರವಾನೆಯ ಮಿತಿಯನ್ನು 2019ರ ಜನವರಿಯಿಂದ ಜಗತ್ತಿನಾದ್ಯಂತ ಒಮ್ಮೆಗೆ ಐದು ಮಾತುಕತೆಗಳಿಗೆ ಇಳಿಸಲಾಗಿದೆ. ಗೂಢಲಿಪಿಯನ್ನು ಮುರಿಯದೆ ವರ್ತನೆಯನ್ನು ಮಾತ್ರ ನೋಡಿ ದುರುಪಯೋಗವನ್ನು ತಡೆಯುವ ಈ ಕ್ರಮಗಳನ್ನು ನಾನು ಪೂರ್ತಿಯಾಗಿ ಬೆಂಬಲಿಸುತ್ತೇನೆ. ಕೊರತೆಯಿರುವುದು ಹಂಚಿಕೊಳ್ಳುವುದರಲ್ಲಿ. ಇಮೇಲ್‌ನಲ್ಲಿ ಒಂದು ಸಂಸ್ಥೆ ಗುರುತಿಸಿದ ವಂಚಕ ಡೊಮೇನ್ ಕೆಲವೇ ಹೊತ್ತಿನಲ್ಲಿ ಉಳಿದವರ ಪಟ್ಟಿಗಳಿಗೂ ತಲುಪುತ್ತದೆ. ಒಂದು ಸಂದೇಶ ಸೇವೆ ಹೊರಹಾಕಿದ ವಂಚಕರು ಮಾತ್ರ ಮತ್ತೊಂದರಲ್ಲಿ ಆರಾಮವಾಗಿ ಖಾತೆ ತೆರೆಯುತ್ತಾರೆ. 2024ರಲ್ಲಿ ಗೂಗಲ್, ಗ್ಲೋಬಲ್ ಆ್ಯಂಟಿ-ಸ್ಕ್ಯಾಮ್ ಅಲಯನ್ಸ್ ಮತ್ತು ಡಿಎನ್‌ಎಸ್ ರಿಸರ್ಚ್ ಫೆಡರೇಷನ್ ಕೂಡಿ ಆರಂಭಿಸಿದ ಗ್ಲೋಬಲ್ ಸಿಗ್ನಲ್ ಎಕ್ಸ್‌ಚೇಂಜ್ ಈ ಕೊರತೆಯನ್ನು ತುಂಬುವ ಉದ್ದೇಶದ್ದು. ಅದರ ಫಲ ಎಷ್ಟರಮಟ್ಟಿನದೆಂದು ತೀರ್ಮಾನಿಸಲು ಇನ್ನೂ ಕಾಲ ಬೇಕು.

ಅಪರಾಧದ ಬೇರಿಗೇ ಕೈಹಾಕುವ ಪ್ರಯತ್ನಗಳ ದಾಖಲೆ ಮಿಶ್ರವಾಗಿದೆ. 2008ರ ನವೆಂಬರ್‌ನಲ್ಲಿ ಸ್ಪ್ಯಾಮ್ ಕಳುಹಿಸುವವರ ಸರ್ವರ್‌ಗಳಿಗೆ ನೆಲೆಯಾಗಿದ್ದ ಮೆಕೋಲೋ ಎಂಬ ಹೋಸ್ಟಿಂಗ್ ಕಂಪನಿಯ ಸಂಪರ್ಕವನ್ನು ಅದಕ್ಕೆ ಇಂಟರ್ನೆಟ್ ಒದಗಿಸುತ್ತಿದ್ದ ಜಾಲಗಳು ಕಡಿದಾಗ ಜಗತ್ತಿನ ಸ್ಪ್ಯಾಮ್ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು, ಕೆಲವು ತಿಂಗಳುಗಳಲ್ಲಿ ಮತ್ತೆ ಏರಿತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಬೀಳಿಸಿದ, ಮೇಲ್ ಮೂಲಕ ಮಾಲ್‌ವೇರ್ ಹರಡುವ ಎಮೋಟೆಟ್ ಜಾಲ ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ಎದ್ದಿತು. ಇವುಗಳಿಗಿಂತ ಬಾಳಿಕೆ ಬರುವಂತಹದ್ದು ಡೊಮೇನ್ ನೋಂದಣಿಯ ಮಟ್ಟದಲ್ಲಿ ಬಂದ ಬದಲಾವಣೆಯೆಂದು ನನ್ನ ಅಭಿಪ್ರಾಯ. 2024ರ ಏಪ್ರಿಲ್‌ನಿಂದ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಒಪ್ಪಂದಗಳು, ಫಿಶಿಂಗ್ (ನಕಲಿ ಹೆಸರಿನಲ್ಲಿ ಗುಟ್ಟಿನ ಮಾಹಿತಿ ಕದಿಯುವುದು) ಮತ್ತು ಮಾಲ್‌ವೇರ್‌ಗೆ ಬಳಕೆಯಾಗುವ ಡೊಮೇನ್‌ಗಳ ಬಗ್ಗೆ ಸಾಕ್ಷ್ಯ ದೊರೆತಾಗ ನೋಂದಣಿದಾರ ಕಂಪನಿಗಳು ತಕ್ಷಣ ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತವೆ. ಬರಿಯ ಸ್ಪ್ಯಾಮ್ ಇದರೊಳಗೆ ಬರುವುದಿಲ್ಲ. ಅದು ಇಂತಹ ಅಪರಾಧಗಳ ವಾಹನವಾದಾಗ ಮಾತ್ರ ನಿಯಮ ಅನ್ವಯಿಸುತ್ತದೆ.

ಸ್ವಂತ ಡೊಮೇನ್ ಇರುವ ಯಾವುದೇ ಸಂಸ್ಥೆಗೆ ಈ ವ್ಯವಸ್ಥೆಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮೊದಲು ಬಳಸದ ಡೊಮೇನ್‌ಗಳನ್ನು ಮುಚ್ಚಿ, ಬಳಿಕ ಮುಖ್ಯ ಡೊಮೇನ್‌ಗೆ ವರದಿ ಮಾತ್ರ ಕೇಳುವ ಡಿಮಾರ್ಕ್ ದಾಖಲೆಯನ್ನು ಪ್ರಕಟಿಸಿ, ವರದಿಗಳಲ್ಲಿ ಕಂಡ ನ್ಯಾಯವಾದ ಮೂಲಗಳಿಗೆಲ್ಲ ಡಿಕಿಮ್ ಸಹಿ ಹಾಕಿಸಿದ ಮೇಲೆ ತಿರಸ್ಕಾರದ ನೀತಿಗೆ ಏರುವುದು ಸರಿಯಾದ ಕ್ರಮ. ಅವಸರದಲ್ಲಿ ಮೊದಲ ದಿನವೇ ತಿರಸ್ಕಾರಕ್ಕೆ ಹೋದರೆ ಸಂಬಳದ ಚೀಟಿ, ಬಿಲ್ಲುಗಳಂತಹ ಮುಖ್ಯವಾದ ಮೇಲ್‌ಗಳೇ ಕಳೆದುಹೋಗುತ್ತವೆ. ಇವೆಲ್ಲದರ ಜೊತೆಗೆ ಅಬ್ಯೂಸ್ ಮತ್ತು ಪೋಸ್ಟ್‌ಮಾಸ್ಟರ್ ಎಂಬ ಹೆಸರಿನ ಎರಡು ವಿಳಾಸಗಳನ್ನು ತೆರೆದಿಟ್ಟು, ಅಲ್ಲಿಗೆ ಬಂದದ್ದನ್ನು ಒಬ್ಬ ಮನುಷ್ಯರು ದಿನವೂ ಓದಿ ಉತ್ತರಿಸುವಂತೆ ಏರ್ಪಾಡು ಮಾಡಬೇಕು. ಈ ಎರಡು ವಿಳಾಸಗಳನ್ನೂ 1997ರ ಆರ್‌ಎಫ್‌ಸಿ 2142 ಆಗಲೇ ಹೆಸರಿಸಿದೆ. ನಮ್ಮ ಸರ್ವರಿನಿಂದ ಯಾರಿಗಾದರೂ ಕೇಡಾದರೆ ಅದನ್ನು ತಿಳಿಸಲು ಅವರಿಗೆ ಇರುವ ನೇರವಾದ ದಾರಿ ಅದೊಂದೇ.